ಸೆಕೆಂಡ್ ಹ್ಯಾಂಡ್ ಕಾರಿನ ಚೆಕ್ ಎಂಜಿನ್ ಲೈಟ್: ಆರಿಸುವ ಮುನ್ನ ಓದಿ, ಬರೆದಿಡಿ

ಮೀಟರಿನಲ್ಲಿ ಹತ್ತಿದ ಹಳದಿ ಎಂಜಿನ್ ದೀಪವನ್ನು ಆರಿಸುವುದು ಎರಡು ನಿಮಿಷದ ಕೆಲಸ. ಸ್ಕ್ಯಾನರ್ ಹಾಕಿ ಒಂದು ಬಟನ್ ಒತ್ತಿದರೆ ಆಯಿತು, ಎಷ್ಟೋ ಕಾರುಗಳಲ್ಲಿ ಬ್ಯಾಟರಿ ವೈರ್ ಬಿಚ್ಚಿ ಹಾಕಿದರೂ ಸಾಕು. ಆದರೆ ದೀಪದ ಜೊತೆಗೆ ಇನ್ನೊಂದೂ ಅಳಿಸಿಹೋಗುತ್ತದೆ. ದೋಷ ಯಾವುದು, ಅದು ಕಾಣಿಸಿಕೊಂಡಾಗ ಎಂಜಿನ್ ಎಷ್ಟು ಬಿಸಿಯಿತ್ತು, ಕಾರು ಎಷ್ಟು ವೇಗದಲ್ಲಿತ್ತು ಎಂದು ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟುಕೊಂಡ ದಾಖಲೆ ಅದು. ಹೊಸದಾಗಿ ಕೊಂಡ ಹಳೇ ಕಾರಿಗೆ ಸರ್ವಿಸ್ ಸೆಂಟರಿನಲ್ಲಾಗಲಿ, ಮಾರಿದ ಡೀಲರ್ ಬಳಿಯಾಗಲಿ ತೋರಿಸಲು ಅದಕ್ಕಿಂತ ಗಟ್ಟಿ ಸಾಕ್ಷಿ ನಿಮ್ಮ ಹತ್ತಿರ ಬೇರೆ ಇರುವುದಿಲ್ಲ. ಹಾಗಾಗಿ ಮೊದಲು ಓದಿ, ಫೋಟೊ ತೆಗೆದಿಡಿ, ಅಳಿಸುವ ಮಾತು ಆಮೇಲೆ.

ಗಾಡಿ ಓಡಿಸಬಹುದೋ ಇಲ್ಲವೋ

ಅದಕ್ಕೂ ಮುಂಚೆ ದೀಪದ ಬಣ್ಣ ನೋಡಿ. ಕೆಂಪು ದೀಪ ಎಂದರೆ ನಿಲ್ಲಿಸಿ ಎಂದರ್ಥ.

ಎಣ್ಣೆ ಕ್ಯಾನಿನ ಆಕಾರದ ಕೆಂಪು ದೀಪ ಆಯಿಲ್ ಒತ್ತಡ ಬಿದ್ದಿದೆ ಎಂದು ಹೇಳುತ್ತದೆ. ಮುಂದಿನ ಬಂಕ್‌ವರೆಗೆ ಹೋಗೋಣ ಎಂದುಕೊಳ್ಳಬೇಡಿ. ಒತ್ತಡವಿಲ್ಲದೆ ಕೆಲವೇ ನಿಮಿಷ ಓಡಿದರೂ ಬೇರಿಂಗ್‌ಗಳು ಉಜ್ಜಿ ಎಂಜಿನ್ ಬಿಚ್ಚುವ ಸ್ಥಿತಿ ಬರುತ್ತದೆ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಐದರಿಂದ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಒರೆಸಿ, ಮತ್ತೆ ಹಾಕಿ ನೋಡಿ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಎರಡು ಗುರುತುಗಳ ನಡುವಿನ ಅಂತರ ಸುಮಾರು 1 ಲೀಟರ್. ಆಯಿಲ್ ಮಟ್ಟ ಸರಿಯಿದ್ದೂ ದೀಪ ಉರಿಯುತ್ತಿದ್ದರೆ ತಪ್ಪು ಪಂಪಿನದೋ ಸೆನ್ಸರಿನದೋ ನಿಮಗೆ ಗೊತ್ತಾಗುವುದಿಲ್ಲ, ಟೋ ಮಾಡಿಸುವುದೇ ಸರಿ.

ಥರ್ಮಾಮೀಟರ್ ಆಕಾರದ ಕೆಂಪು ದೀಪಕ್ಕೂ ಇದೇ ನಿಯಮ: ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. (ಕೆಲವು ಕಾರುಗಳಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಇದೇ ಚಿತ್ರ ನೀಲಿಯಾಗಿ ಬರುತ್ತದೆ. ಅದು ಎಂಜಿನ್ ಇನ್ನೂ ತಣ್ಣಗಿದೆ ಎಂಬ ಸೂಚನೆ ಅಷ್ಟೇ.) ಬ್ಯಾಟರಿ ದೀಪ ಓಡುವಾಗ ಹತ್ತಿದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಬಾನೆಟ್ ಎತ್ತಿ ಬೆಲ್ಟ್ ಇದೆಯೇ ನೋಡಿ. ಹಲವು ಎಂಜಿನ್‌ಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್, ಅದು ಹರಿದಿದ್ದರೆ ಒಂದು ಕಿ.ಮೀ. ಕೂಡ ಹೋಗಬಾರದು. ಬ್ರೇಕ್ ದೀಪ ಬಂದರೆ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ, ಆಮೇಲೆ ಬ್ರೇಕ್ ಆಯಿಲ್ ಡಬ್ಬಿ. ಅಲ್ಲಿ ಮಟ್ಟ ಇಳಿದಿದ್ದರೆ ಪ್ಯಾಡ್ ಸವೆದಿರುತ್ತದೆ ಇಲ್ಲವೇ ಎಲ್ಲೋ ಸೋರುತ್ತಿರುತ್ತದೆ. ಬರೀ ಆಯಿಲ್ ಸುರಿದು ದೀಪ ಆರಿಸಿಕೊಂಡರೆ ಅಪಾಯ ಹಾಗೇ ಉಳಿಯುತ್ತದೆ.

ಹಳದಿ ಚೆಕ್ ಎಂಜಿನ್ ದೀಪ ಒಂದೇ ಸಮನೆ ಉರಿಯುತ್ತಿದ್ದು, ಗಾಡಿ ಎಂದಿನಂತೆ ಎಳೆಯುತ್ತಿದ್ದರೆ ನಿಧಾನವಾಗಿ ಮನೆಗೋ ಗ್ಯಾರೇಜಿಗೋ ಹೋಗಬಹುದು. ಅದೇ ದೀಪ ಮಿನುಗುತ್ತಿದ್ದರೆ ವಿಷಯವೇ ಬೇರೆ. ಯಾವುದೋ ಸಿಲಿಂಡರ್ ಮಿಸ್‌ಫೈರ್ ಆಗುತ್ತಿದೆ, ಅಂದರೆ ಅದರೊಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ, ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತಿದೆ. ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ, ಕೆಲವು ಸಾವಿರದ ಕಾಯಿಲ್‌ನಲ್ಲಿ ಮುಗಿಯಬೇಕಿದ್ದ ಖರ್ಚು ಕನ್ವರ್ಟರ್ ಕರಗಿದರೆ ಹತ್ತಾರು ಸಾವಿರಕ್ಕೆ ಏರುತ್ತದೆ. ಮೇಲಾಗಿ, ದೀಪ ಮಿನುಗುತ್ತಿದ್ದರೂ ಓಡಿಸಿದ್ದೀರಿ ಎಂಬ ಕಾರಣಕ್ಕೇ ವಾರಂಟಿ ನಿರಾಕರಿಸಲು ಅವಕಾಶ ಕೊಟ್ಟಂತಾಗುತ್ತದೆ.

ಕೋಡ್ ಓದುವುದು

ಸ್ಟೀರಿಂಗ್ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿ, 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಒಬಿಡಿ ಎಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆ ಮಾಡಿಕೊಳ್ಳುವ ವ್ಯವಸ್ಥೆ, ಪತ್ತೆಯಾದ ಪ್ರತಿ ದೋಷಕ್ಕೂ ಅದು ಕೊಡುವ ಸಂಖ್ಯೆಯೇ ಕೋಡ್. ಕೆಲವು ಮಾಡೆಲ್‌ಗಳಲ್ಲಿ ಫ್ಯೂಸ್ ಬಾಕ್ಸ್ ಮುಚ್ಚಳದ ಹಿಂದೆ ಅಡಗಿರುತ್ತದೆ. ನಮ್ಮಲ್ಲಿ ಬಿಎಸ್4 (ಹೊಗೆ ಮಾಲಿನ್ಯದ ಸರ್ಕಾರಿ ಮಾನದಂಡ) ಕಾರುಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ ಎರಡನೇ ಹಂತ ಕಡ್ಡಾಯವಾಯಿತು. ಆಮೇಲೆ ತಯಾರಾದ ಕಾರುಗಳಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲದೆ ಓದಬಹುದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಕಾರುಗಳಲ್ಲಂತೂ ಹೆಚ್ಚಿನ ಮಾಹಿತಿ ಸಿಗುತ್ತದೆ.

ಬ್ಲೂಟೂತ್ ಅಡಾಪ್ಟರ್ ಸುಮಾರು ಐನೂರರಿಂದ ಒಂದೂವರೆ ಸಾವಿರ ರೂಪಾಯಿಗೆ ಸಿಗುತ್ತದೆ. ಐಫೋನ್ ಇರುವವರು ಬ್ಲೂಟೂತ್ ಎಲ್ಇ ಅಥವಾ ವೈಫೈ ಇರುವುದನ್ನೇ ಕೊಳ್ಳಬೇಕು, ಹಳೆಯ ಬ್ಲೂಟೂತ್ ಅಡಾಪ್ಟರ್ ಅದಕ್ಕೆ ಜೋಡಣೆಯಾಗುವುದಿಲ್ಲ. ಫೋನಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿಕೊಳ್ಳಿ. ಅಡಾಪ್ಟರ್ ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಫೋನಿನ ಜೊತೆ ಪೇರ್ ಮಾಡಿ. ಪಿನ್ ಕೇಳಿದರೆ ಸಾಮಾನ್ಯವಾಗಿ 1234 ಅಥವಾ 0000.

ಆಮೇಲೆ ನೋಡಬೇಕಾದದ್ದು ಮೂರು. ಉಳಿದುಕೊಂಡ ಕೋಡ್‌ಗಳು, ಪೆಂಡಿಂಗ್ ಕೋಡ್‌ಗಳು ಮತ್ತು ಫ್ರೀಜ್ ಫ್ರೇಮ್. ಪೆಂಡಿಂಗ್ ಎಂದರೆ ದೋಷ ಒಮ್ಮೆ ಕಂಡಿದೆ, ಇನ್ನೂ ಖಾತ್ರಿಯಾಗಿಲ್ಲ ಎಂದು. ಫ್ರೀಜ್ ಫ್ರೇಮ್ ಎಂಬುದು ದೋಷ ದಾಖಲಾದ ಕ್ಷಣದ ಆರ್‌ಪಿಎಂ, ವೇಗ, ಕೂಲಂಟ್ ತಾಪಮಾನ, ಎಂಜಿನ್ ಮೇಲಿನ ಲೋಡ್. ಮೂರರದ್ದೂ ಸ್ಕ್ರೀನ್‌ಶಾಟ್ ತೆಗೆಯಿರಿ, ದೀಪ ಮತ್ತು ಕಿ.ಮೀ. ಎರಡೂ ಕಾಣುವಂತೆ ಮೀಟರಿನದೊಂದು ಫೋಟೊ ತೆಗೆಯಿರಿ. ಕ್ಲಿಯರ್ ಬಟನ್ ಒತ್ತಬೇಡಿ. ಅಡಾಪ್ಟರ್ ತೆಗೆದಿಡಿ, ದಿನಗಟ್ಟಲೆ ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ. ಶೋರೂಮಿಗೆ ಹೋಗುವಾಗಲಂತೂ ಅದು ಅಲ್ಲಿ ಇರಲೇಬಾರದು.

ಅಗ್ಗದ ಅಡಾಪ್ಟರ್‌ಗಳು ಸಾಮಾನ್ಯವಾಗಿ ಎಂಜಿನ್ ಕೋಡ್‌ಗಳನ್ನು ಮಾತ್ರ ಓದುತ್ತವೆ. ಎಬಿಎಸ್, ಏರ್‌ಬ್ಯಾಗ್, ಪವರ್ ಸ್ಟೀರಿಂಗ್ ದೀಪಗಳಿಗೆ ಗ್ಯಾರೇಜಿನ ದೊಡ್ಡ ಸ್ಕ್ಯಾನರೇ ಬೇಕು.

ದೀಪ ತಾನಾಗಿಯೇ ಆರಿದರೆ ಸರಿಹೋಯಿತು ಎಂದು ಬಿಡಬೇಡಿ. ದೋಷ ಮರುಕಳಿಸದೆ ಸಾಮಾನ್ಯವಾಗಿ ಮೂರು ಡ್ರೈವಿಂಗ್ ಸೈಕಲ್ (ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡುವ ಸುತ್ತು) ಕಳೆದರೆ ಕಂಪ್ಯೂಟರ್ ದೀಪ ಆರಿಸುತ್ತದೆ. ಕೋಡ್ ಮಾತ್ರ ಎಂಜಿನ್ ಸುಮಾರು 40 ಸಲ ಬಿಸಿಯಾಗಿ ತಣ್ಣಗಾಗುವವರೆಗೂ ಒಳಗೆ ಉಳಿದಿರುತ್ತದೆ. ಆ ಅವಧಿಯಲ್ಲಿ ಓದಿಸಿದರೂ ಸಿಗುತ್ತದೆ.

ಕೋಡ್ ತೋರಿಸುವುದು ಜಾಗವನ್ನು, ಪಾರ್ಟನ್ನಲ್ಲ

ಇಲ್ಲೇ ಹೆಚ್ಚು ದುಡ್ಡು ಪೋಲಾಗುವುದು. ಆಕ್ಸಿಜನ್ ಸೆನ್ಸರ್ ಎಂದು ಆ್ಯಪ್ ತೋರಿಸಿತು, ಸೆನ್ಸರ್ ಬದಲಾಯಿಸಿದರು, ವಾರದಲ್ಲಿ ದೀಪ ಮತ್ತೆ ಬಂತು. ಸೆನ್ಸರ್ ಹೇಳುತ್ತಿದ್ದದ್ದು ಹೊಗೆಯಲ್ಲಿ ಏನೋ ಸರಿಯಿಲ್ಲ ಎಂದು. ಸುದ್ದಿ ತಂದವನನ್ನೇ ಬದಲಾಯಿಸಿದರೆ ಸುದ್ದಿ ಬದಲಾಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಬ್ಯಾಟರಿ ಅಳೆಯಿರಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬಂದಿದ್ದರೆ, ಅದರಲ್ಲೂ ಪಿ0562 ಇದ್ದರೆ, ಮೊದಲ ಅನುಮಾನ ವೋಲ್ಟೇಜಿನ ಮೇಲೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಸ್ಮಾರ್ಟ್ ಹೈಬ್ರಿಡ್ ತರಹದ ಕಾರುಗಳಲ್ಲಿ ಇದು ಏರಿಳಿಯುವುದು ಸಹಜ.

ಎರಡನೆಯದು ವೈರಿಂಗ್. ನಮ್ಮ ಊರುಗಳಲ್ಲಿ ಇಲಿ ಕಡಿದ ವೈರ್ ಸೆನ್ಸರ್ ಕೋಡ್‌ಗಳಿಗೆ ಬಹಳ ಸಾಮಾನ್ಯ ಕಾರಣ. ತೋಟದ ಮನೆಗಳಲ್ಲಿ, ಅಪಾರ್ಟ್‌ಮೆಂಟ್ ನೆಲಮಾಳಿಗೆಗಳಲ್ಲಿ ನಿಲ್ಲುವ ಕಾರುಗಳಿಗಂತೂ ಇದು ತಪ್ಪದ ಕಾಟ. ಬಾನೆಟ್ ಎತ್ತಿ ಟಾರ್ಚ್ ಹಾಕಿ ಹಿಕ್ಕೆ, ಕಡಿದ ಪ್ಲಾಸ್ಟಿಕ್ ಚೂರು, ತಾಮ್ರ ಕಾಣುವ ವೈರ್ ಹುಡುಕಿ. ಎಂಜಿನ್ ಮೇಲೆ ಒತ್ತಡದ ನೀರು ಹಾಕಿಸಿದ ಮರುದಿನ ಮಿಸ್‌ಫೈರ್ ಬಂದರೆ ಕಾಯಿಲ್ ಗುಂಡಿಯಲ್ಲಿ ನೀರು ನಿಂತಿರುತ್ತದೆ. ಮಾರಾಟಕ್ಕೆ ಮುಂಚೆ ಎಂಜಿನ್ ತೊಳೆಸಿ ಹೊಳೆಯಿಸುವುದು ವಾಡಿಕೆ, ಹೊಸ ಮಾಲೀಕರಿಗೆ ದೀಪ ಬರಲು ಅದೂ ಒಂದು ಕಾರಣ.

ಪಿ0301ರಿಂದ ಪಿ0304ವರೆಗಿನ ಕೋಡ್‌ಗಳಲ್ಲಿ ಕೊನೆಯ ಅಂಕಿ ಮಿಸ್‌ಫೈರ್ ಆದ ಸಿಲಿಂಡರಿನದು. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ ಇರುವ ಪೆಟ್ರೋಲ್ ಎಂಜಿನ್ ಆದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಬಂದಿರುವುದು ಪಿ0301 ಎಂದುಕೊಳ್ಳಿ. ಎಂಜಿನ್ ತಣ್ಣಗಾದ ಮೇಲೆ 1ನೇ ಸಿಲಿಂಡರಿನ ಕಾಯಿಲ್ ತೆಗೆದು 3ಕ್ಕೆ, 3ರದ್ದು 1ಕ್ಕೆ ಹಾಕಿ ಓಡಿಸಿ. ಕೋಡ್ ಪಿ0303ಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. ಪಿ0301ರಲ್ಲೇ ನಿಂತರೆ ಸ್ಪಾರ್ಕ್ ಪ್ಲಗ್ ಹೀಗೇ ಅದಲುಬದಲು ಮಾಡಿ ನೋಡಿ, ಅದೂ ಅಲ್ಲದಿದ್ದರೆ ಇಂಜೆಕ್ಟರ್, ಕಂಪ್ರೆಷನ್. ವಾರಂಟಿ ಇರುವ ಕಾರಿನಲ್ಲಿ ಮಾತ್ರ ಇದನ್ನು ನೀವು ಮಾಡಬೇಡಿ, ಸರ್ವಿಸ್ ಸೆಂಟರಿನವರಿಂದಲೇ ಮಾಡಿಸಿ.

ಪಿ0171 ಎಂದರೆ ಪೆಟ್ರೋಲಿಗಿಂತ ಗಾಳಿಯ ಪಾಲು ಹೆಚ್ಚಾಗಿದೆ ಎಂದರ್ಥ. ಏರ್ ಫಿಲ್ಟರ್ ಬದಲಾಯಿಸಿದವರು ರಬ್ಬರ್ ಪೈಪಿನ ಕ್ಲ್ಯಾಂಪ್ ಸರಿಯಾಗಿ ಬಿಗಿ ಮಾಡದೆ ಬಿಟ್ಟಿರುವುದು, ಪೈಪ್ ಸೀಳಿರುವುದು ಮೊದಲು ನೋಡಬೇಕಾದ ಜಾಗ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ ಕಾರಾದರೆ ಕಿಟ್‌ನ ಟ್ಯೂನಿಂಗ್ ಕೂಡ ಕಾರಣವಾಗಬಹುದು. ಪೆಟ್ರೋಲ್ ಟ್ಯಾಂಕ್ ಮುಚ್ಚಳ ಬಿಗಿ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಹೆಚ್ಚಾಗಿ ಅಮೆರಿಕದ ಕಾರುಗಳಿಗೆ ಅನ್ವಯಿಸುವ ಮಾತು, ನಮ್ಮ ಸಣ್ಣ ಕಾರುಗಳಲ್ಲಿ ಅದರಿಂದ ದೀಪ ಬರುವುದು ಅಪರೂಪ.

ಪಿ0420 ಕನ್ವರ್ಟರಿನ ಮೇಲೆ ಬೊಟ್ಟು ಮಾಡುತ್ತದೆ. ಇದು ದುಬಾರಿ ಪಾರ್ಟ್, ಆದ್ದರಿಂದ ಒಪ್ಪುವ ಮುನ್ನ ಸೈಲೆನ್ಸರ್ ಜೋಡಣೆಯಲ್ಲಿ ಸೋರಿಕೆ, ಹಿಂದಿನ ಆಕ್ಸಿಜನ್ ಸೆನ್ಸರ್, ಹಳೆಯ ಮಿಸ್‌ಫೈರ್ ಮೂರನ್ನೂ ನೋಡಿಸಿ. ಒಳಗಿರುವ ಪ್ಲಾಟಿನಂ, ಪಲ್ಲಾಡಿಯಂಗಳ ಆಸೆಗೆ ಕನ್ವರ್ಟರ್ ಬಿಚ್ಚಿ ಒಳಭಾಗ ತೆಗೆದು ಖಾಲಿ ಡಬ್ಬಿ ಕೂರಿಸಿದ ಹಳೇ ಕಾರುಗಳೂ ಇವೆ. ಲಿಫ್ಟ್ ಮೇಲೆತ್ತಿ ವೆಲ್ಡಿಂಗ್ ಗುರುತು ಇದೆಯೇ ನೋಡಿ.

ಬಿಎಸ್6 ಡೀಸೆಲ್ ಕೊಂಡವರಿಗೆ ಹೆಚ್ಚು ಕಾಡುವುದು ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್. ಪಿ2463 ಎಂದರೆ ಮಸಿ ತುಂಬಿದೆ. ಆ ಫಿಲ್ಟರ್ ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು, ಅದಕ್ಕೆ ಹೊಗೆ ಬಹಳ ಬಿಸಿಯಾಗಬೇಕು, ಅದಕ್ಕೆ ಗಾಡಿ ತಡೆಯಿಲ್ಲದೆ ಓಡಬೇಕು. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ದಿನಕ್ಕೆ ಆರೇಳು ಕಿ.ಮೀ. ಓಡುವ ಡೀಸೆಲ್ ಕಾರಿಗೆ ಆ ಅವಕಾಶ ಸಿಗುವುದೇ ಇಲ್ಲ. ಡಿಪಿಎಫ್ ದೀಪ ಮಾತ್ರ ಬಂದಿದ್ದರೆ ಹೈವೇಗೆ ತೆಗೆದುಕೊಂಡು ಹೋಗಿ, ಕಾರಿನ ಪುಸ್ತಕದಲ್ಲಿ ಹೇಳಿದ ವೇಗದಲ್ಲಿ (ಸಾಮಾನ್ಯವಾಗಿ ಗಂಟೆಗೆ 60 ಕಿ.ಮೀ.ಗಿಂತ ಮೇಲೆ) 15–20 ನಿಮಿಷ ನಿಲ್ಲಿಸದೆ ಓಡಿಸಿ. ಅದರ ಜೊತೆ ಚೆಕ್ ಎಂಜಿನ್ ದೀಪವೂ ಬಂದು ಎಳೆತ ಕಡಿಮೆಯಾಗಿದ್ದರೆ ಸರ್ವಿಸ್ ಸೆಂಟರಿನಲ್ಲಿ ಯಂತ್ರ ಹಾಕಿ ಸುಡಿಸಬೇಕು. ಡಿಪ್‌ಸ್ಟಿಕ್ ನೋಡುವುದನ್ನು ಮರೆಯಬೇಡಿ. ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಸ್ವಲ್ಪ ಡೀಸೆಲ್ ಆಯಿಲಿಗೆ ಸೇರುತ್ತದೆ. ಆಯಿಲ್ ಮೇಲಿನ ಗುರುತು ದಾಟಿದ್ದರೆ ಬದಲಾಯಿಸದೆ ಓಡಿಸಬಾರದು. ಡಿಪಿಎಫ್ ತೆಗೆದೇ ಹಾಕೋಣ ಎನ್ನುವ ಗ್ಯಾರೇಜಿನಿಂದ ದೂರವಿರಿ: ವಾರಂಟಿ ಹೋಗುತ್ತದೆ, ಮಾಲಿನ್ಯ ನಿಯಮವನ್ನೂ ಮುರಿದಂತಾಗುತ್ತದೆ.

ವಾರಂಟಿ ಎಷ್ಟು ಉಳಿದಿದೆ

ಕಂಪನಿ ವಾರಂಟಿ ಮೊದಲ ಮಾಲೀಕರಿಗೆ ಕಾರು ಕೊಟ್ಟ ದಿನದಿಂದ ಎಣಿಕೆಯಾಗುತ್ತದೆ, ನೀವು ಕೊಂಡ ದಿನದಿಂದಲ್ಲ. ವರ್ಷ ಮತ್ತು ಕಿ.ಮೀ. ಎರಡರಲ್ಲಿ ಯಾವುದು ಮೊದಲು ಮುಗಿದರೂ ಮುಗಿಯಿತು. ಒಂದೇ ಕಂಪನಿಯ ಕಾರುಗಳಲ್ಲೂ ತಾರೀಕು ನೋಡಿಯೇ ಲೆಕ್ಕ ಹಾಕಬೇಕು. ಮಾರುತಿ ಸುಜುಕಿ 2024ರ ಜುಲೈನಲ್ಲಿ ತನ್ನ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ಯಿಂದ 3 ವರ್ಷ ಅಥವಾ 1,00,000 ಕಿ.ಮೀ.ಗೆ ಏರಿಸಿತು. ಆ ಬದಲಾವಣೆಗೆ ಮುಂಚೆ ಡೆಲಿವರಿಯಾದ ಕಾರಿಗೆ ಹಳೆಯ ಲೆಕ್ಕವೇ. ಟೊಯೊಟಾದ್ದು 3 ವರ್ಷ ಅಥವಾ 1,00,000 ಕಿ.ಮೀ. ಎಲೆಕ್ಟ್ರಿಕ್ ಕಾರು ಕೊಳ್ಳುವವರು ಇನ್ನೂ ಎಚ್ಚರದಿಂದಿರಬೇಕು: ಎಂಜಿ ವಿಂಡ್ಸರ್‌ನ ಬ್ಯಾಟರಿಗೆ ಇರುವ ಜೀವಿತಾವಧಿ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ.

ಕಂಪನಿಯ ಯಾವುದಾದರೂ ಅಧಿಕೃತ ಸರ್ವಿಸ್ ಸೆಂಟರಿಗೆ ಆರ್‌ಸಿ ತೆಗೆದುಕೊಂಡು ಹೋಗಿ ಚಾಸಿ ನಂಬರ್ ಕೊಟ್ಟು ನಾಲ್ಕು ಪ್ರಶ್ನೆ ಕೇಳಿ: ವಾರಂಟಿ ಯಾವ ತಾರೀಕಿನವರೆಗೆ, ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಂಡಿದ್ದರೇ, ಯಾವ ಯಾವ ಸರ್ವಿಸ್ ಆಗಿದೆ, ಬಾಕಿ ಇರುವ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರು ಕರೆಸುವುದು) ಇದೆಯೇ. ಸರ್ವಿಸ್ ಪಟ್ಟಿಯ ಕಿ.ಮೀ.ಗಳನ್ನು ಈಗಿನ ಮೀಟರಿನ ಜೊತೆ ಹೋಲಿಸಿದರೆ ಮೀಟರ್ ತಿರುಗಿಸಿದ್ದಾರೆಯೇ ಎಂಬುದೂ ಬಯಲಾಗುತ್ತದೆ.

ರೀಕಾಲ್ ಪ್ರಶ್ನೆಯನ್ನು ಎಷ್ಟೋ ಜನ ಕೇಳುವುದೇ ಇಲ್ಲ. ರೀಕಾಲ್ ಕೆಲಸಕ್ಕೆ ಕಂಪನಿ ದುಡ್ಡು ತೆಗೆದುಕೊಳ್ಳುವುದಿಲ್ಲ, ಮಾಲೀಕ ಎಷ್ಟನೆಯವನು ಎಂಬುದನ್ನೂ ನೋಡುವುದಿಲ್ಲ. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರ್ ಪರೀಕ್ಷಿಸಲು 17,362 ಕಾರುಗಳನ್ನು ಕರೆಸಿತ್ತು, ಅದರಲ್ಲಿ ಬಲೆನೊ, ಬ್ರೆಝಾ, ಗ್ರಾಂಡ್ ವಿಟಾರಾ ಎಲ್ಲ ಇದ್ದವು. ಇಂಥ ಕರೆಯ ಪತ್ರ ಹೋಗುವುದು ಹಳೆಯ ಮಾಲೀಕರ ವಿಳಾಸಕ್ಕೆ.

ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೆ ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅದಕ್ಕೆ ನಿಮ್ಮ ಹೆಸರಿನ ಆರ್‌ಸಿ ಕೇಳುವುದರಿಂದ ವರ್ಗಾವಣೆಯನ್ನು ಎಳೆದಾಡಬೇಡಿ. ಕಾನೂನಿನ ಪ್ರಕಾರ ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ನಮೂನೆ 29 ಮತ್ತು 30.

ಯೂಸ್ಡ್ ಕಾರ್ ಮಳಿಗೆಗಳು ಕೊಡುವ ವಾರಂಟಿ ಬೇರೆಯದೇ ಒಪ್ಪಂದ. ಸಹಿ ಹಾಕುವ ಮುನ್ನ ಅದರಲ್ಲಿ ಯಾವ ಪಾರ್ಟ್‌ಗಳ ಹೆಸರಿದೆ ಎಂದು ಓದಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಎಂದಷ್ಟೇ ಬರೆದಿದ್ದರೆ ಸೆನ್ಸರ್, ವೈರಿಂಗ್, ಕಂಪ್ಯೂಟರ್ ಹೊರಗುಳಿಯುವ ಸಾಧ್ಯತೆ ಹೆಚ್ಚು. ಚೆಕ್ ಎಂಜಿನ್ ದೀಪ ತರುವವು ಬಹುಪಾಲು ಅವೇ. ಒಂದು ಕ್ಲೇಮಿಗೆ ಗರಿಷ್ಠ ಎಷ್ಟು, ಬಿಚ್ಚುವ ಮುನ್ನ ಅವರ ಅನುಮತಿ ಬೇಕೇ ಎಂಬುದನ್ನೂ ನೋಡಿ. ಅನುಮತಿಯ ಷರತ್ತಿದ್ದಾಗ ಬೇರೆ ಗ್ಯಾರೇಜಿನಲ್ಲಿ ಬಿಚ್ಚಿಸಿದರೆ ಕ್ಲೇಮ್ ಅಲ್ಲಿಗೇ ಮುಗಿಯಿತು.

ಜಾಬ್ ಕಾರ್ಡ್ ಬರೆಸುವ ಬಗೆ

ಮುಖ್ಯವಾದದ್ದು ಇದೇ, ಆದರೆ ಹೆಚ್ಚಿನವರು ಬಾಯಿಮಾತಿನಲ್ಲಿ ಮುಗಿಸುತ್ತಾರೆ. ಸರ್ವಿಸ್ ಅಡ್ವೈಸರ್ ಬಳಿ ‘ಆಕ್ಸಿಜನ್ ಸೆನ್ಸರ್ ಹೋಗಿದೆ, ಹಾಕಿಕೊಡಿ’ ಎನ್ನಬೇಡಿ. ಹಾಗೆಂದರೆ ಅದು ನೀವು ಕೇಳಿದ ಕೆಲಸ, ಬಿಲ್ ನಿಮ್ಮದು. ಲಕ್ಷಣ ಹೇಳಿ: ‘ಚೆಕ್ ಎಂಜಿನ್ ದೀಪ ಈ ತಾರೀಕಿನಿಂದ ಇದೆ. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ. ಪಿ0301 ಬಂದಿದೆ. ಕಾರಣ ಪತ್ತೆ ಮಾಡಿ, ವಾರಂಟಿಯಲ್ಲಿ ಸರಿಪಡಿಸಿಕೊಡಿ.’ ಇಷ್ಟೂ ಮಾತು ಜಾಬ್ ಕಾರ್ಡಿನಲ್ಲಿ (ಗಾಡಿ ಬಿಡುವಾಗ ದೂರು, ಕೆಲಸ ಬರೆದುಕೊಳ್ಳುವ ಕಾಗದ) ಬರಬೇಕು, ತಾರೀಕು, ಕಿ.ಮೀ. ಸಮೇತ. ಸ್ಕ್ಯಾನ್ ವರದಿಯ ಪ್ರತಿ ಕೇಳಿ, ಕೋಡ್ ಅಳಿಸುವ ಮುನ್ನ ತೆಗೆದದ್ದೇ ಆಗಿರಲಿ.

ವಾರಂಟಿ ಮುಗಿಯಲು ವಾರವಷ್ಟೇ ಉಳಿದಿದ್ದು ಸರ್ವಿಸ್ ಸೆಂಟರಿನಲ್ಲಿ ಹದಿನೈದು ದಿನ ಜಾಗವಿಲ್ಲ ಎಂದರೆ, ಗಾಡಿ ಒಯ್ದು ಜಾಬ್ ಕಾರ್ಡ್ ತೆಗೆಸಿಬಿಡಿ, ರಿಪೇರಿ ಆಮೇಲೆ ಆಗಲಿ. ಅದೂ ಆಗದಿದ್ದರೆ ಅಂದೇ ಕಂಪನಿಯ ಗ್ರಾಹಕ ವಿಭಾಗಕ್ಕೆ ಫೋಟೊಗಳ ಜೊತೆ ಇಮೇಲ್ ಮಾಡಿ. ದೂರು ಅವಧಿಯೊಳಗೇ ಬಂದಿತ್ತು ಎಂಬುದಕ್ಕೆ ಪುರಾವೆ ಬೇಕು. ದೋಷ ಆಗಾಗ ಬಂದು ಹೋಗುವಂಥದ್ದಾಗಿ ‘ತೊಂದರೆ ಕಂಡುಬಂದಿಲ್ಲ’ ಎಂದು ಗಾಡಿ ವಾಪಸ್ ಕೊಟ್ಟರೂ, ನಿಮ್ಮ ದೂರು ನಮೂದಾದ ಬಿಲ್ ಪಡೆಯದೆ ಹೊರಡಬೇಡಿ. ಇಂಥ ಎರಡು ಮೂರು ಕಾಗದ ಇದ್ದರೆ, ಅವಧಿ ಮುಗಿದ ಮೇಲೆ ಅದೇ ದೋಷ ಬಂದಾಗಲೂ ವಾದಿಸಲು ನೆಲೆ ಇರುತ್ತದೆ.

ಬ್ರೇಕ್ ಪ್ಯಾಡ್, ಕ್ಲಚ್, ಬಲ್ಬ್, ಫಿಲ್ಟರ್‌ನಂಥ ಸವೆಯುವ ವಸ್ತುಗಳಿಗೆ ವಾರಂಟಿ ಕೇಳಿ ಸಮಯ ಹಾಳು ಮಾಡಿಕೊಳ್ಳಬೇಡಿ. ಟೈರ್, ಬ್ಯಾಟರಿಗೆ ಅವುಗಳನ್ನು ತಯಾರಿಸಿದ ಕಂಪನಿಯ ವಾರಂಟಿ ಬೇರೆ ಇರುತ್ತದೆ. ಇಲಿ ಕಡಿತ, ನೀರು ನುಗ್ಗಿದ್ದು ವಿಮೆಯ ಕಡೆ ಕೇಳಬೇಕಾದ ವಿಷಯ. ವಾರಂಟಿ ಪುಸ್ತಕದಲ್ಲಿ ಎಮಿಷನ್ (ಹೊಗೆ ನಿಯಂತ್ರಣ) ವಾರಂಟಿ ಎಂಬ ಭಾಗವಿದ್ದರೆ ಅದನ್ನು ಓದದೆ ಬಿಡಬೇಡಿ.

‘ಆಗುವುದಿಲ್ಲ’ ಎಂದರೆ

ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಹೊರಗೆ ಸರ್ವಿಸ್ ಮಾಡಿಸಿದ್ದಾರೆ, ಹಾಗಾಗಿ ವಾರಂಟಿ ಪೂರ್ತಿ ರದ್ದು ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶ ಈ ವಿಷಯವನ್ನೇ ಮುಟ್ಟಿತ್ತು. ಹೊರಗಿನ ಗ್ಯಾರೇಜಿಗೆ ಹೋದರೆಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಹಾಕಬಾರದು, ಹೊರಗಿನ ತಪ್ಪು ರಿಪೇರಿಯಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದು ಆಯೋಗ ಹೇಳಿತು. ಆದೇಶ ಮುಂದೆ ಮೇಲ್ಮನವಿಗಳಿಗೆ ಹೋದದ್ದು ನಿಜ. ಆದರೂ ‘ಹೊರಗೆ ಮಾಡಿಸಿದ ಯಾವ ಕೆಲಸದಿಂದ ಈ ಪಾರ್ಟ್ ಕೆಟ್ಟಿತು, ತೋರಿಸಿ’ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಹಾಗೆಂದು ಆಯಿಲೇ ಬದಲಾಯಿಸದ ಕಾರಿನ ಟರ್ಬೊ ಹೋಗಿದ್ದರೆ, ಹೆಡ್‌ಲೈಟಿಗೆ ವೈರ್ ಸೀಳಿ ಜೋಡಿಸಿದ ಕಡೆಯೇ ಸುಟ್ಟಿದ್ದರೆ, ಅವರ ಮಾತಿನಲ್ಲಿ ಹುರುಳಿದೆ.

ಮೊದಲು ವರ್ಕ್ಸ್ ಮ್ಯಾನೇಜರ್, ಆಮೇಲೆ ಜಾಬ್ ಕಾರ್ಡ್ ನಂಬರಿನೊಂದಿಗೆ ಕಂಪನಿಗೆ ಇಮೇಲ್. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗ. ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಅಲ್ಲೇ ದೂರು, 5 ಲಕ್ಷದವರೆಗೆ ಶುಲ್ಕವಿಲ್ಲ, ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಈ ದಾರಿ ಕಂಪನಿ ಮತ್ತು ಡೀಲರ್‌ಗಳ ವಿರುದ್ಧ ಮಾತ್ರ ಸಲೀಸು. ತನ್ನ ಸ್ವಂತ ಕಾರು ಮಾರಿದ ವ್ಯಕ್ತಿ ವ್ಯಾಪಾರಿಯಲ್ಲ. ಅಂಥ ಕೊಳ್ಳುವಿಕೆಯಲ್ಲಿ ಮೊದಲೇ ಪರೀಕ್ಷಿಸುವುದೇ ನಿಮ್ಮ ವಾರಂಟಿ.

ಇನ್ನೂ ಕೊಂಡಿಲ್ಲದಿದ್ದರೆ

ಟೆಸ್ಟ್ ಡ್ರೈವ್‌ಗೆ ಅಡಾಪ್ಟರ್ ಒಯ್ಯಿರಿ. ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಕೀ ಆನ್ ಮಾಡಿ ದೀಪಗಳನ್ನು ಎಣಿಸಿ. ಎಂಜಿನ್, ಎಬಿಎಸ್, ಏರ್‌ಬ್ಯಾಗ್, ಆಯಿಲ್, ಬ್ಯಾಟರಿ ಎಲ್ಲವೂ ಒಮ್ಮೆ ಹತ್ತಲೇಬೇಕು. ಏರ್‌ಬ್ಯಾಗ್ ದೀಪ ಹತ್ತದಿದ್ದರೆ ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡ ಮೇಲೆ ದೀಪವನ್ನೇ ಮರೆಮಾಡಿರಬಹುದು.

ಆಮೇಲೆ ಆ್ಯಪ್‌ನಲ್ಲಿ ‘ಕೋಡ್ ಅಳಿಸಿದ ಮೇಲೆ ಓಡಿದ ದೂರ’ ಎಂಬ ಅಂಕಿ ಹುಡುಕಿ. ನಾಲ್ಕು ವರ್ಷದ ಕಾರಿನಲ್ಲಿ ಅದು 18 ಕಿ.ಮೀ. ಎಂದು ತೋರಿಸಿದರೆ, ನೀವು ಬರುವ ಮುಂಚೆ ಯಾರೋ ಅಳಿಸಿದ್ದಾರೆ. ಅದರ ಪಕ್ಕದಲ್ಲೇ ರೆಡಿನೆಸ್ ಮಾನಿಟರ್‌ಗಳ ಪಟ್ಟಿ ಇರುತ್ತದೆ. ಕೆಟಲಿಸ್ಟ್, ಆಕ್ಸಿಜನ್ ಸೆನ್ಸರ್ ಎದುರು ‘ಪೂರ್ಣಗೊಂಡಿಲ್ಲ’ ಎಂದಿದ್ದರೆ ಕಂಪ್ಯೂಟರ್ ತನ್ನ ತಪಾಸಣೆ ಇನ್ನೂ ಮುಗಿಸಿಲ್ಲ, ದೀಪ ಆರಿರುವುದಕ್ಕೆ ಈಗ ಬೆಲೆಯಿಲ್ಲ. ಬ್ಯಾಟರಿ ಇತ್ತೀಚೆಗೆ ಬದಲಾಯಿಸಿದ್ದರೂ ಹೀಗಾಗಬಹುದು, ಆದ್ದರಿಂದ ಬ್ಯಾಟರಿಯ ಬಿಲ್ ಮತ್ತು ಅದರ ಮೇಲಿನ ತಾರೀಕು ಕೇಳಿ ನೋಡಿ. ಬಿಲ್ ಇಲ್ಲದಿದ್ದರೆ ಊರೊಳಗೂ ಹೈವೇಯಲ್ಲೂ ಸೇರಿ ಐವತ್ತರವತ್ತು ಕಿ.ಮೀ. ಓಡಿಸಿ, ಮಾನಿಟರ್‌ಗಳು ಪೂರ್ಣಗೊಂಡ ಮೇಲೆ ಮತ್ತೊಮ್ಮೆ ಕೋಡ್ ಓದಲು ಅವಕಾಶ ಕೇಳಿ. ಅದಕ್ಕೆ ಒಪ್ಪದವರಿಗೆ ಅಡ್ವಾನ್ಸ್ ಕೊಡಬೇಡಿ.